ಮರಿ ಮಾಡುವ ಮಿಷನ್: ಮೂರು ಸಲ ಮೊಟ್ಟೆ ಇಟ್ಟು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕೋಳಿ ಮೊಟ್ಟೆಗೆ ಕಾವು ಕೊಡುವ ಈ ಮಿಷನ್‌ನಲ್ಲಿ ಮರಿ ಆಗುತ್ತದೆ. ಆದರೆ ಅದರ ಮುಖದ ಮೇಲೆ ಕೆಂಪಗೆ ಹೊಳೆಯುವ ಕಾವಿನ ನಂಬರ್ ಇದೆಯಲ್ಲ, ಅದನ್ನು ನಂಬಿ ಕೂತರೆ ಕೆಟ್ಟಿರಿ. ನಾನು ನಂಬಿದೆ. ಮೊದಲ ಸಲ 40 ಮೊಟ್ಟೆ ಇಟ್ಟು 11 ಮರಿ ತೆಗೆದೆ.

ನಮ್ಮದು ತುರುವೇಕೆರೆ ಕಡೆ ಹಳ್ಳಿ. ಮನೆ ಹಿಂದೆ ತೆಂಗಿನ ತೋಟ, ಹಿತ್ತಲಲ್ಲಿ ಹದಿನೈದು ಇಪ್ಪತ್ತು ಕೋಳಿ. ಅರ್ಧ ನಾಟಿ, ಅರ್ಧ ಗಿರಿರಾಜ. ಈ ಗಿರಿರಾಜದಿಂದಲೇ ಮಿಷನ್ ಯೋಚನೆ ಶುರುವಾಗಿದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆ ಅಂತಲೇ ಮಾಡಿದ ತಳಿ ಅದು. ಬೇಗ ಮೈ ತುಂಬುತ್ತದೆ, ನಾಟಿಗಿಂತ ಎಷ್ಟೋ ಜಾಸ್ತಿ ಮೊಟ್ಟೆ ಇಡುತ್ತದೆ, ಆದರೆ ಇಟ್ಟು ಎದ್ದು ಹೋದರೆ ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕಾವಿಗೆ ಕೂರುವ ಬುದ್ಧಿಯೇ ಅದಕ್ಕಿಲ್ಲ. ನಾಟಿ ಹ್ಯಾಟೆ, ಅಂದರೆ ಹೆಣ್ಣು ಕೋಳಿ, ಕೂರುತ್ತದೆ, ಆದರೆ ಒಂದು ಸಲಕ್ಕೆ ಹನ್ನೆರಡು ಮೊಟ್ಟೆ, ಹೆಚ್ಚೆಂದರೆ ಹದಿಮೂರು. ಕೂತರೆ 21 ದಿನ, ಆಮೇಲೆ ಮರಿ ಕಟ್ಟಿಕೊಂಡು ತಿರುಗುತ್ತಾ ಎರಡು ತಿಂಗಳು ಮೊಟ್ಟೆ ಬಂದ್. ಯುಗಾದಿ ಮಾರನೇ ದಿನದ ಬಾಡೂಟದ ವರ್ಷತೊಡಕಿಗೆ ಒಂದಿಪ್ಪತ್ತು ಹುಂಜ ಮಾರೋಣ ಅಂದುಕೊಂಡವಳಿಗೆ ಈ ಲೆಕ್ಕ ಎಲ್ಲಿಗೂ ಸಾಲುವುದಿಲ್ಲ.

ಮಿಷನ್ ಬಂದ ದಿನ ನಮ್ಮತ್ತೆ ಡಬ್ಬದ ಸುತ್ತ ಒಂದು ಸುತ್ತು ಬಂದು ಕೇಳಿದ್ದು ಒಂದೇ ಮಾತು: "ಅಲ್ಲ ಕಣಮ್ಮ, ಇದ್ರಲ್ಲಿ ಹುಟ್ಟಿದ ಮರಿಗೆ ಅವ್ವ ಯಾರು?"

ನನಗೆ ನಗು ಬಂತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಂಪನಿ ಹೆಸರು ಹೇಳುವುದಿಲ್ಲ, ಹೇಳಿಯೂ ಉಪಯೋಗವಿಲ್ಲ. ಒಂದೇ ಅಚ್ಚಿನ ಹಳದಿ ಡಬ್ಬಕ್ಕೆ ಆನ್‌ಲೈನಲ್ಲಿ ಹತ್ತು ಹೆಸರು. 42 ಮೊಟ್ಟೆ ಹಿಡಿಯುತ್ತದೆ ಅಂತ ಬರೆದಿತ್ತು, ನನಗೆ 6,800 ರೂಪಾಯಿ ಬಿತ್ತು. ಮೇಲೆ ಪಾರದರ್ಶಕ ಮುಚ್ಚಳ, ಒಳಗೆ ಸಣ್ಣ ಫ್ಯಾನು, ಹೀಟರು, ತಳದಲ್ಲಿ ನೀರು ಹಾಕುವ ಕಾಲುವೆ, ಎರಡು ಗಂಟೆಗೊಮ್ಮೆ ಮೊಟ್ಟೆಯನ್ನು ತಾನೇ ಹೊರಳಿಸುವ ರೋಲರ್. ಈ ಹೊರಳಿಸುವುದು ನಿಜವಾಗಿಯೂ ಚೆನ್ನಾಗಿದೆ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಕೈಯಲ್ಲಿ ದಿನಕ್ಕೆ ಮೂರು ಸಲ, ಐದು ಸಲ ತಿರುಗಿಸುವವರ ಕಷ್ಟ ನೋಡಿದ್ದೇನೆ. ಒಂದು ದಿನ ಮದುವೆಗೆ ಹೋದರೆ ಮುಗಿಯಿತು. ತಿರುಗಿಸದಿದ್ದರೆ ಒಳಗಿನ ಮರಿ ಒಂದೇ ಕಡೆ ಚಿಪ್ಪಿಗೆ ಅಂಟಿಕೊಂಡುಬಿಡುತ್ತದೆ.

ಆದರೆ ಆ ರೋಲರ್ ಮಾಡಿರುವುದು ದಪ್ಪ ಮೊಟ್ಟೆಗೆ. ಗಿರಿರಾಜದ ಮೊಟ್ಟೆ ಸರಿಯಾಗಿ ಕೂರುತ್ತದೆ, ನಾಟಿ ಮೊಟ್ಟೆ ಚಿಕ್ಕದು, ಸಂದಿಯಲ್ಲಿ ಜಾರಿ ಕೆಲವು ತಿರುಗುವುದೇ ಇಲ್ಲ. ಒಂದೊಂದು ಮೊಟ್ಟೆ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ ನೋಡಿದಾಗ ಇದು ಗೊತ್ತಾಯಿತು. ಈಗ ನಾಟಿ ಮೊಟ್ಟೆಯನ್ನು ಒಂದು ಸಾಲಿಗೆ ಹಾಕಿ, ದಿನಕ್ಕೆರಡು ಸಲ ನಾನೇ ಕೈಯಾಡಿಸುತ್ತೇನೆ.

ಈಗ ಆ ನಂಬರ್ ವಿಷಯ. ಫ್ಯಾನ್ ಇರುವ ಮಿಷನ್‌ಗೆ ಬೇಕಾಗಿರುವುದು 37.5ರಿಂದ 37.7 ಡಿಗ್ರಿ. ನನ್ನ ಮಿಷನ್ 37.7 ಅಂತ ತೋರಿಸುತ್ತಾ ಮೂರು ವಾರ ಕೂತಿತ್ತು. 21ನೇ ದಿನ ಏನೂ ಇಲ್ಲ. 22ನೇ ರಾತ್ರಿ ಒಂದು ಮೊಟ್ಟೆಯಲ್ಲಿ ಬಿರುಕು. 24ನೇ ದಿನದವರೆಗೂ ಒಂದೊಂದೇ ಎಳೆದಾಡಿಕೊಂಡು ಬಂದವು, ಬಂದವಕ್ಕೂ ನಿಲ್ಲುವ ತ್ರಾಣ ಇರಲಿಲ್ಲ. ತಡವಾಗಿ ಒಡೆದರೆ ಕಾವು ಕಮ್ಮಿ ಆಗಿತ್ತು ಅಂತ ಅರ್ಥ. ಹತ್ತೊಂಬತ್ತಕ್ಕೇ ಒಡೆಯಲು ಶುರುವಾದರೆ ಕಾವು ಜಾಸ್ತಿ, ಆಗ ಹೊಕ್ಕುಳಲ್ಲಿ ಹಳದಿ ಇನ್ನೂ ಒಳಗೆ ಸೇರದ ಮರಿಗಳು ಬರುತ್ತವೆ. ಇದು ನನಗೆ ಆವತ್ತು ಗೊತ್ತಿರಲಿಲ್ಲ, ಸುಮ್ನೆ ಮೊಟ್ಟೆಯನ್ನೇ ಬೈದುಕೊಂಡೆ.

ಆಮೇಲೆ ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟು ನೋಡಿದೆ. ಐಡಿಯಾ ಸರಳ. ಜ್ವರದ ಥರ್ಮಾಮೀಟರ್ ಮಾಡಿರುವುದೇ ಈ 37, 38ರ ಆಸುಪಾಸಿನ ಕಾವನ್ನು ಸರಿಯಾಗಿ ಅಳೆಯುವುದಕ್ಕೆ, ಮನೆಯಲ್ಲೂ ಇರುತ್ತದೆ. ಅದರಲ್ಲಿ 36.8 ಬಂತು. ಅಂದರೆ ಮಿಷನ್ ಹತ್ತತ್ತಿರ ಒಂದು ಡಿಗ್ರಿ ಸುಳ್ಳು ಹೇಳುತ್ತಿತ್ತು. ಒಂದು ಡಿಗ್ರಿ ಅಂದರೆ ನಮಗೇನೂ ಅನ್ನಿಸುವುದಿಲ್ಲ, ಮೊಟ್ಟೆಗೆ ಅದೇ ಜೀವನ್ಮರಣ. ಮಾರಿದವರಿಗೆ ಫೋನ್ ಮಾಡಿದೆ, ವಾಟ್ಸಾಪಲ್ಲಿ ವಿಡಿಯೋ ಕಳಿಸಿ ಅಂದರು, ಕಳಿಸಿದೆ, ಹೆಬ್ಬೆರಳು ಎತ್ತಿದ ಚಿತ್ರ ಬಂತು. ಅಷ್ಟೇ. ಇವತ್ತಿಗೂ ಅಷ್ಟೇ. ಕೊನೆಗೆ ನಾನೇ ಬಟನ್ ಒತ್ತಿ ಒತ್ತಿ ಹುಡುಕಿದಾಗ ಸೆಟ್ಟಿಂಗ್ ಒಳಗೆ ಕಾವು ತಿದ್ದುವ ಜಾಗ ಸಿಕ್ಕಿತು. ಜೊತೆಗೆ ಬಂದಿದ್ದ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ತೇವದ ಮೀಟರ್ ಕೂಡ ಇದೇ ಜಾತಿ. ಅದನ್ನು ನೋಡುವುದಕ್ಕೆ ಒಂದು ಉಪಾಯ ಇದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಗಂಜಿ ಥರ ಮಾಡಿ, ಬೇರೆ ಒಂದು ಸಣ್ಣ ತೇವದ ಮೀಟರ್ ಜೊತೆ ಗಾಳಿಯಾಡದ ಕವರಿನಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. ಎಷ್ಟು ವ್ಯತ್ಯಾಸ ಬರುತ್ತೋ ಅಷ್ಟು ಕೂಡಿ ಕಳೆದು ಓದಿಕೊಳ್ಳಿ, ಆಮೇಲೆ ಆ ಮೀಟರನ್ನೇ ಮಿಷನ್ ಒಳಗಿಡಿ. ಮೊದಲ 18 ದಿನ ತೇವ 50ರ ಹತ್ತಿರ ಇರಲಿ, ಕೊನೆಯ ಮೂರು ದಿನ 65, 70ಕ್ಕೆ ಏರಿಸಬೇಕು. ಮೊದಲು ನೀರು ಜಾಸ್ತಿ ಹಾಕಿಬಿಟ್ಟರೆ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿ ಜಾಗ ದೊಡ್ಡದಾಗುವುದಿಲ್ಲ, ಮರಿ ಒಳಗೇ ಉಸಿರು ಕಟ್ಟಿ ಸಾಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ತಳದ ಎರಡೂ ಕಾಲುವೆಗೆ ನೀರು ಹಾಕಬೇಕಾಗಿಯೇ ಇಲ್ಲ, ಒಂದು ಸಾಕು. ಪುಸ್ತಕದಲ್ಲಿ ಎರಡೂ ತುಂಬಿ ಅಂತ ಇದೆ.

18ನೇ ದಿನ ರೋಲರ್ ತೆಗೆದು, ಮುಚ್ಚಳ ಹಾಕಿದರೆ ಆಮೇಲೆ ತೆಗೆಯಬಾರದು. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಪಾಲಿಸುವುದಿಲ್ಲ. ಮೊದಲ ಸಲ ಮನೆಯ ಮಕ್ಕಳು, ಪಕ್ಕದ ಮನೆಯವರು, ಕೊನೆಗೆ ನಾನು, ಎಲ್ಲರೂ ಮುಚ್ಚಳ ಎತ್ತಿ ಎತ್ತಿ ನೋಡಿದ್ದೇ ನೋಡಿದ್ದು. ಒಂದು ಸಲ ಎತ್ತಿದರೆ ಒಳಗಿನ ತೇವ ಹಾರಿಹೋಗುತ್ತದೆ, ಬಿರುಕು ಬಿಟ್ಟ ಮೊಟ್ಟೆಯ ಒಳಪೊರೆ ಒಣಗಿ ಮರಿಗೆ ಕವರ್ ಸುತ್ತಿದ ಹಾಗೆ ಅಂಟಿಕೊಳ್ಳುತ್ತದೆ. ನಾಲ್ಕು ಮರಿ ಹಾಗೇ ಹೋದವು. ಒಂದನ್ನು ನಾನು ಪಾಪ ಅಂತ ಚಿಪ್ಪು ಬಿಡಿಸಿ ಹೊರಗೆ ತೆಗೆದೆ, ರಕ್ತ ಬಂತು, ಅರ್ಧ ಗಂಟೆಯಲ್ಲಿ ಸತ್ತಿತು. ಬಿರುಕು ಬಿಟ್ಟ ಮೇಲೆ ಪೂರ್ತಿ ಹೊರಗೆ ಬರಲು ಒಂದು ದಿನ ತೆಗೆದುಕೊಂಡರೂ ಅದು ಸಹಜವೇ. ಆ ಹೊತ್ತಿನಲ್ಲಿ ಒಳಗಿನ ರಕ್ತನಾಳ ಒಣಗುತ್ತಿರುತ್ತದೆ, ಹಳದಿ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಹೊರಗೆ ಬಂದ ಮರಿಗೂ ಮೇವಿನ ಅವಸರ ಇಲ್ಲ, ಆ ಹಳದಿಯ ಮೇಲೇ ಎರಡು ದಿನ ಇರುತ್ತದೆ. ಹ್ಯಾಚರಿಯವರು ಒಂದು ದಿನದ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ಅಷ್ಟು ದೂರ ಕಳಿಸುವುದು ಇದೇ ಧೈರ್ಯದ ಮೇಲೆ.

ಕರೆಂಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಡಬ್ಬದ ಮೇಲೆ 80 ವ್ಯಾಟ್ ಅಂತಿದೆ, ಪೂರ್ತಿ ಹೊತ್ತು ಉರಿದರೂ ದಿನಕ್ಕೆ ಎರಡು ಯೂನಿಟ್ ದಾಟುವುದಿಲ್ಲ, ಹೀಟರ್ ಆನ್ ಆಫ್ ಆಗುವುದರಿಂದ ಅಷ್ಟೂ ಬರುವುದಿಲ್ಲ. ಆದರೂ ಗೃಹಜ್ಯೋತಿಯಲ್ಲಿ ನಮಗೆ ಗೊತ್ತು ಮಾಡಿದ್ದ ಯೂನಿಟ್ ದಾಟಿ ಆ ತಿಂಗಳು ಸ್ವಲ್ಪ ಬಿಲ್ ಬಂತು, ಯಜಮಾನರು ಮುಖ ಗಂಟು ಹಾಕಿದರು. ಖರ್ಚಿಗಿಂತ ಹೆದರಿಕೆ ಕರೆಂಟ್ ಹೋಗುವುದರದ್ದು. ಎರಡನೇ ಸಲ 15ನೇ ದಿನ ರಾತ್ರಿ ಗಾಳಿ ಮಳೆಗೆ ಐದು ಗಂಟೆ ಹೋಯಿತು. ಮಿಷನ್ ಮೇಲೆ ಎರಡು ಕಂಬಳಿ ಹೊದಿಸಿ, ಗಾಳಿ ತೂತು ಮಾತ್ರ ಬಿಟ್ಟು ಹಾಗೇ ಇಟ್ಟೆ. ಎಲ್ಲವೂ ಸತ್ತವು ಅಂದುಕೊಂಡಿದ್ದೆ, 24 ಮರಿ ಬಂದವು. ಕೋಳಿಯೂ ಮೇವಿಗೆ ಅಂತ ದಿನಾ ಎದ್ದು ಹೋಗುತ್ತೆ ಅಲ್ವಾ, ಮೊಟ್ಟೆ ಸ್ವಲ್ಪ ತಣ್ಣಗಾದರೆ ತಡೆಯುತ್ತದೆ. ಕಾವು ಏರಿದರೆ ತಡೆಯುವುದಿಲ್ಲ. ಹಾಗಾಗಿ ಮಿಷನ್ ಬಿಸಿಲು ಬೀಳುವ ಕಿಟಕಿ ಹತ್ತಿರ, ಶೀಟಿನ ಮನೆಯೊಳಗೆ ಇಡಲೇಬೇಡಿ.

ಇಷ್ಟೆಲ್ಲ ಹೇಳಿದೆ, ಆದರೆ ನನ್ನ ಅನುಭವದಲ್ಲಿ ಅರ್ಧ ಫಲಿತಾಂಶ ತೀರ್ಮಾನ ಆಗುವುದು ಮೊಟ್ಟೆ ಮಿಷನ್ನಿಗೆ ಹೋಗುವ ಮುಂಚೆಯೇ. ಅಂಗಡಿಯ ಬಿಳಿ ಮೊಟ್ಟೆ ಇಟ್ಟರೆ ಮರಿ ಆಗುತ್ತಾ ಅಂತ ನನ್ನನ್ನು ಮೂವರು ಕೇಳಿದ್ದಾರೆ. ಆಗುವುದಿಲ್ಲ, ಫಾರಂನಲ್ಲಿ ಆ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ. ಹುಂಜ ಮೆಟ್ಟಿದ ಮೊಟ್ಟೆಯೇ ಬೇಕು. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು, ಎರಡು ಬಿಟ್ಟರೆ ಅವು ಜಗಳ ಆಡುವುದರಲ್ಲೇ ದಿನ ಕಳೆಯುತ್ತವೆ. ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು, ತೊಳೆಯಬಾರದು, ಫ್ರಿಜ್‌ನಲ್ಲಿ ಇಡಬಾರದು, ಚೂಪು ತುದಿ ಕೆಳಗೆ ಮಾಡಿ ತಂಪು ಜಾಗದಲ್ಲಿ ಇಡಬೇಕು. ನಾನು ಮೊದಲ ಸಲ ಕೊಳಕಾಗಿದೆ ಅಂತ ಎಲ್ಲವನ್ನೂ ಚೆನ್ನಾಗಿ ತೊಳೆದಿದ್ದೆ! ಮೊಟ್ಟೆಯ ಮೇಲೆ ಒಂದು ತೆಳು ಪದರ ಇರುತ್ತದೆ, ತೊಳೆದರೆ ಅದು ಹೋಗಿ ಒಳಗೆ ರೋಗಾಣು ನುಗ್ಗುತ್ತದೆ. ಹದಿನಾಲ್ಕನೇ ದಿನಕ್ಕೆ ಎರಡು ಕೊಳೆತು ವಾಸನೆ ಹೊಡೆದವು. ಏಳನೇ ದಿನ ರಾತ್ರಿ ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಜೀವ ಇರುವ ಮೊಟ್ಟೆಯಲ್ಲಿ ಜೇಡರ ಬಲೆ ಥರ ಕೆಂಪು ನರ ಕಾಣುತ್ತದೆ, ಗೊಡ್ಡು ಮೊಟ್ಟೆ ಖಾಲಿ ಬಲ್ಬಿನ ಹಾಗೆ ಹೊಳೆಯುತ್ತದೆ. ಗೊಡ್ಡನ್ನು ಆವತ್ತೇ ತೆಗೆದುಬಿಡಿ.

ತಳಿ ವಿಷಯದಲ್ಲಿ ಒಂದು ಕಿವಿಮಾತು, ಇದನ್ನು ಮಾರುವವರು ಹೇಳುವುದಿಲ್ಲ. ಗಿರಿರಾಜ ಆಗಲಿ, ಸ್ವರ್ಣಧಾರ ಆಗಲಿ, ಬೇರೆ ಬೇರೆ ತಳಿ ಕೂಡಿಸಿ ಮಾಡಿದ ಕೋಳಿ. ಅವನ್ನೇ ಮನೆಯಲ್ಲಿ ಮೆಟ್ಟಿಸಿ ಮರಿ ಮಾಡಿದರೆ ಮುಂದಿನ ಪೀಳಿಗೆ ಅಪ್ಪ ಅಮ್ಮನಂತೆ ಬರುವುದಿಲ್ಲ, ಒಂದು ದಪ್ಪ, ಒಂದು ಪೀಚು. ನನ್ನ ಎರಡನೇ ಸಲದ ಮರಿಗಳಲ್ಲಿ ಕಣ್ಣಾರೆ ನೋಡಿದೆ. ನಾಟಿಯಲ್ಲಿ ಈ ತೊಂದರೆ ಇಲ್ಲ, ಆದರೆ ಒಂದೇ ಹುಂಜವನ್ನು ಅದರ ಮಕ್ಕಳು ಮೊಮ್ಮಕ್ಕಳ ಜೊತೆ ವರ್ಷಗಟ್ಟಲೆ ಬಿಡಬಾರದು. ನಾವು ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರ ಮನೆಯ ಹುಂಜಕ್ಕೆ ನಮ್ಮ ಹುಂಜ ಬದಲಾಯಿಸಿಕೊಳ್ಳುತ್ತೇವೆ. ದುಡ್ಡಿಲ್ಲದ ವ್ಯವಹಾರ.

ಮಿಷನ್ ಕೊಳ್ಳುವಾಗ ಯಾರೂ ಲೆಕ್ಕ ಹಾಕದ ಇನ್ನೊಂದು ಖರ್ಚು, ಮರಿ ಆದ ಮೇಲಿನದ್ದು. 24 ಮರಿ ಒಂದೇ ದಿನ ಚಿಂವ್ ಚಿಂವ್ ಅಂದಾಗ ಮನೆಯಲ್ಲಿ ಹಬ್ಬ, ರಾತ್ರಿ ಆದಾಗ ಗಾಬರಿ. ಮೊದಲ ವಾರ ಅವಕ್ಕೆ 35 ಡಿಗ್ರಿಯ ಹತ್ತಿರ ಕಾವು ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿಕೊಂಡು ಹೋಗಬೇಕು. ಥರ್ಮಾಮೀಟರ್ ಬೇಡ, ಮರಿಗಳನ್ನು ನೋಡಿದರೆ ಸಾಕು. ಬಲ್ಬಿನ ಕೆಳಗೆ ಗುಡ್ಡೆ ಬಿದ್ದರೆ ಚಳಿ, ಅಂಚಿಗೆ ಓಡಿ ಬಾಯಿ ಬಿಟ್ಟರೆ ಸೆಕೆ. ಕೆಳಗೆ ಬರೀ ಪೇಪರ್ ಹಾಸಬೇಡಿ, ಕಾಲು ಜಾರಿ ಎರಡೂ ಕಡೆ ಅಗಲ ಆಗಿಬಿಡುತ್ತದೆ. ನಮ್ಮಲ್ಲಿ ಎರಡು ಮರಿಗೆ ಹಾಗಾಯಿತು, ಕಾಲೆರಡನ್ನೂ ಬ್ಯಾಂಡೇಜ್ ಪಟ್ಟಿಯಿಂದ ಸಡಿಲವಾಗಿ ಸೇರಿಸಿ ಕಟ್ಟಿದ ಮೇಲೆ ಒಂದು ಸರಿಹೋಯಿತು.

ನಾನು ಮಾಡಿದ ದೊಡ್ಡ ತಪ್ಪು ನೆಲದ ಹಾಸಿನದು. ತೆಂಗಿನ ನಾರಿನ ಪುಡಿ ನಮ್ಮ ಕಡೆ ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಹಾಸಿದೆ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಿಡಕ್ಕೆ ಒಳ್ಳೆಯದು, ಮರಿಗೆ ಅಲ್ಲ. ನಾಲ್ಕನೇ ವಾರ ಮರಿಗಳು ರೆಕ್ಕೆ ಇಳಿಬಿಟ್ಟು ಮುದುರಿ ನಿಂತವು, ಹಿಕ್ಕೆಯಲ್ಲಿ ರಕ್ತ. ಪಶು ಆಸ್ಪತ್ರೆ ಡಾಕ್ಟರಿಗೆ ಹಿಕ್ಕೆ ತೋರಿಸಿದಾಗ ನೋಡಿದ ತಕ್ಷಣ ಕಾಕ್ಸಿಡಿಯೋಸಿಸ್, ಅಂದರೆ ಕರುಳಿನ ರಕ್ತಭೇದಿ ರೋಗ ಅಂದರು, ನೀರಿಗೆ ಬೆರೆಸಲು ಆಂಪ್ರೋಲಿಯಂ ಅನ್ನುವ ಔಷಧಿ ಕೊಟ್ಟರು, ಹಾಸು ಪೂರ್ತಿ ತೆಗೆದು ಒಣ ಭತ್ತದ ಹೊಟ್ಟು ಹಾಕಿ ಅಂದರು. ಐದು ಮರಿ ಸತ್ತವು, ಉಳಿದವು ಮೂರೇ ದಿನದಲ್ಲಿ ಚೇತರಿಸಿಕೊಂಡವು. ಮೆಡಿಕಲ್ ಶಾಪಿನಿಂದ ಮನುಷ್ಯರ ಭೇದಿ ಮಾತ್ರೆ ತಂದು ಪುಡಿ ಮಾಡಿ ಹಾಕುವವರಿದ್ದಾರೆ, ದಯವಿಟ್ಟು ಬೇಡ.

ಲಸಿಕೆ ಮಾತ್ರ ಬಿಡಲೇಬೇಡಿ. ಕೊಕ್ಕರೆ ರೋಗ, ಡಾಕ್ಟರುಗಳು ರಾಣಿಖೇತ್ ಅನ್ನುತ್ತಾರೆ, ಬಂದರೆ ಹಸಿರು ಬಿಳಿ ಭೇದಿ, ಕತ್ತು ತಿರುಚಿಕೊಳ್ಳುವುದು, ಎರಡು ದಿನದಲ್ಲಿ ಹಟ್ಟಿ ಖಾಲಿ. ಔಷಧಿ ಅಂತ ಇಲ್ಲವೇ ಇಲ್ಲ. ಹೋದ ಬೇಸಿಗೆಯಲ್ಲಿ ಕೆಳಗಿನ ಬೀದಿಯಲ್ಲಿ ಒಬ್ಬರದು ಮೂವತ್ತರಲ್ಲಿ ಮೂರು ಉಳಿದವು. ನಮ್ಮ ಡಾಕ್ಟರು ಬರೆದುಕೊಟ್ಟ ಪಟ್ಟಿ ಹೀಗಿದೆ: ಏಳನೇ ದಿನ ಲಸೋಟ (ರಾಣಿಖೇತ್ ಲಸಿಕೆ) ಕಣ್ಣಿಗೋ ಮೂಗಿಗೋ ಒಂದು ಹನಿ, ಹದಿನಾಲ್ಕಕ್ಕೆ ಗಂಬೋರೋ ಅನ್ನುವ ಇನ್ನೊಂದು ರೋಗದ್ದು, 28ಕ್ಕೆ ಮತ್ತೆ ಲಸೋಟ, ಆರನೇ ವಾರ ಸಿಡುಬಿನದು, ಎಂಟನೇ ವಾರ ಮತ್ತೆ ರಾಣಿಖೇತ್‌ಗೆ ಆರ್‌ಟುಬಿ ಅನ್ನುವ ಚುಚ್ಚುಮದ್ದು. ತೊಂದರೆ ಏನೆಂದರೆ ಸೀಸೆ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಮ್ಮ 24 ಮರಿಗೆ ಒಂದು ಸೀಸೆ ಒಡೆಯುವುದು ಹೊಟ್ಟೆ ಉರಿಯುವ ಕೆಲಸ. ಹಾಗಾಗಿ ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಮರಿ ಆಗುವ ಹಾಗೆ ಮೊಟ್ಟೆ ಇಡುತ್ತೇವೆ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ಸೀಸೆ ತಂದು, ಬೆಳಿಗ್ಗೆ ಬಿಸಿಲೇರುವ ಮುಂಚೆ ಮನೆ ಮನೆಗೆ ಓಡುತ್ತೇವೆ.

ಈಗ ನಮ್ಮತ್ತೆಯ ಮಾತಿಗೆ ಬಂದೆ. ಮೂರನೇ ಸಲ 36 ಮೊಟ್ಟೆ ಇಟ್ಟೆ. ಅದೇ ಹೊತ್ತಿಗೆ ನಮ್ಮ ಕಂದು ಹ್ಯಾಟೆ ಕಾವಿಗೆ ಕೂತು ಮೈ ಉಬ್ಬಿಸಿ ಕುರ್ರ್ ಅನ್ನುತ್ತಿತ್ತು. ಅತ್ತೆ ಬುಟ್ಟಿಗೆ ಬೂದಿ ಹಾಕಿ, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟು, ಅದಕ್ಕೂ ಒಂಬತ್ತು ಮೊಟ್ಟೆ ಕೊಟ್ಟರು. ನಾನು ನಗಲಿಲ್ಲ ಈ ಸಲ. ಕೋಳಿ ಒಂಬತ್ತರಲ್ಲಿ ಒಂಬತ್ತನ್ನೂ ಮರಿ ಮಾಡಿತು. ಮಿಷನ್ 27 ಕೊಟ್ಟಿತು, ನನ್ನ ಮಟ್ಟಿಗೆ ಅದು ದಾಖಲೆ. ಆವತ್ತು ರಾತ್ರಿ ಅತ್ತೆ ದೀಪ ಆರಿಸಿ, ಮಿಷನ್ನಿನ ಮರಿಗಳಲ್ಲಿ ಎಂಟನ್ನು ಸೆರಗಲ್ಲಿ ಹಾಕಿಕೊಂಡು ಹೋಗಿ ಒಂದೊಂದಾಗಿ ಕೋಳಿಯ ರೆಕ್ಕೆ ಕೆಳಗೆ ತಳ್ಳಿದರು. ಹಗಲಲ್ಲಿ ಬಿಟ್ಟರೆ ಕುಕ್ಕಿ ಸಾಯಿಸುತ್ತದೆ, ಕತ್ತಲಲ್ಲಿ ಬಿಟ್ಟರೆ ಬೆಳಿಗ್ಗೆ ಲೆಕ್ಕ ಗೊತ್ತಾಗುವುದಿಲ್ಲ ಅಂತ. ಬೆಳಿಗ್ಗೆ ಆ ಕೋಳಿ 17 ಮರಿ ಕರೆದುಕೊಂಡು ತಿಪ್ಪೆ ಕೆದಕುತ್ತಿತ್ತು. ಆ ಎಂಟಕ್ಕೆ ಬಲ್ಬ್ ಬೇಡ, ಹಾಸು ಬೇಡ, ಗಿಡುಗ ಬಂದರೆ ಕೂಗಿ ರೆಕ್ಕೆಯೊಳಗೆ ಸೇರಿಸಿಕೊಳ್ಳುವ ಕೆಲಸವೂ ಅದರದೇ. ಬಲ್ಬಿನ ಕೆಳಗೆ ಉಳಿದ 19 ಮರಿಗಳಲ್ಲಿ ನಾಲ್ಕು ತೋಟಕ್ಕೆ ಬಿಟ್ಟ ಮೊದಲ ವಾರವೇ ಮುಂಗುಸಿ ಪಾಲಾದವು. ಓಡಬೇಕು ಅಂತ ಹೇಳಿಕೊಟ್ಟವರೇ ಇರಲಿಲ್ಲ.

ಹಾಗಾದರೆ ಕೊಳ್ಳಬೇಕಾ? ಐದಕ್ಕೆ ಮೂರು ಅಂಕ. ಐದಾರು ನಾಟಿ ಕೋಳಿ ಇರುವವರು ಕೊಳ್ಳಬೇಡಿ, ಒಂದು ಒಳ್ಳೆಯ ಕಾವಿನ ಹ್ಯಾಟೆ ಈ ಡಬ್ಬಕ್ಕಿಂತ ಮೇಲು. ಗಿರಿರಾಜ ಥರದ್ದು ಸಾಕುವವರು, ಹಬ್ಬಕ್ಕೆ ಲೆಕ್ಕ ಹಾಕಿ ಮಾರುವವರು ಕೊಳ್ಳಬಹುದು, ಆದರೆ ಬೆಲೆಯ ಜೊತೆ ಜ್ವರದ ಥರ್ಮಾಮೀಟರ್, ತೇವದ ಮೀಟರ್, ಕರೆಂಟ್ ಹೋದರೆ ಹಾಕಲು ಒಂದು ಬ್ಯಾಟರಿ, ಇಷ್ಟನ್ನೂ ಸೇರಿಸಿಕೊಳ್ಳಿ. ಕೊಳ್ಳುವ ಮುಂಚೆ ಕಾವು ತಿದ್ದುವ ಸೆಟ್ಟಿಂಗ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಅಥವಾ ಅದೇನು ಅಂತ ಅವರೇ ವಾಪಸ್ ಕೇಳಿದರೆ ಫೋನ್ ಇಡಿ. ಥರ್ಮೋಕೋಲ್ ಡಬ್ಬದ್ದು ಅಗ್ಗ, ಆದರೆ ಮರಿ ಒಡೆದ ಮೇಲೆ ಆ ಪುಕ್ಕ, ಲೋಳೆ, ವಾಸನೆ ತೊಳೆಯಲು ಆಗುವುದಿಲ್ಲ. ಪ್ಲಾಸ್ಟಿಕ್ಕಿನದೇ ಇರಲಿ.

ಸದ್ಯಕ್ಕೆ ನಮ್ಮ ಮಿಷನ್ ಪಕ್ಕದ ಮನೆಯಲ್ಲಿದೆ, ಅವರ ಮೊಟ್ಟೆಗೆ ಇವತ್ತು ಹನ್ನೊಂದನೇ ದಿನ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಕಂಬಳಿ ಕೇಳಿಕೊಂಡು ಬಂದಿದ್ದರು. ಅತ್ತೆ ಕಂಬಳಿ ಕೊಟ್ಟು, ಜೊತೆಗೆ ಒಂದು ಇದ್ದಿಲು, ಒಂದು ಮೊಳೆಯನ್ನೂ ಕೊಟ್ಟು ಕಳಿಸಿದರು.